ಲಾಸ್ ಗಾಟೋಸ್ ಅಂದರೆ ಬೆಕ್ಕುಗಳು: ನಮ್ಮ ಶಾಲೆಯ ಕನ್ನಡದ ಪೋಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ನಿಮ್ಮಲ್ಲಿ ಬಹಳ ಜನರಿಗೆ ನನ್ನ ಪರಿಚಯ ಇದೆ. ಶನಿವಾರದ ಕನ್ನಡ ತರಗತಿ ಬಿಡುವ ಹೊತ್ತಿಗೆ ಪಾರ್ಕಿಂಗ್‌ನಲ್ಲಿ ನಿಂತು ಎಷ್ಟೋ ಸಲ ಮಾತಾಡಿದ್ದೇವೆ. ಅಲ್ಲಿ ನಿಮ್ಮ ಮಕ್ಕಳಿಗೆ ನಾನು ಆಂಟಿ. ವಾರದ ದಿನಗಳಲ್ಲಿ ಇಲ್ಲಿ ಕ್ಯಾಲಿಫೋರ್ನಿಯಾದ ಶಾಲೆಯಲ್ಲಿ ಅದೇ ಮಕ್ಕಳು ನನ್ನನ್ನು 'ಸೆನ್ಯೋರಾ' ಅನ್ನುತ್ತಾರೆ, ಅಂದರೆ ಸ್ಪ್ಯಾನಿಷಿನಲ್ಲಿ ಮೇಡಂ. ಆರು ವರ್ಷದಿಂದ ಕಿಂಡರ್‌ಗಾರ್ಟನ್‌ನಿಂದ ಮೂರನೇ ಗ್ರೇಡಿನವರೆಗಿನ ಮಕ್ಕಳಿಗೆ ಸಂಗೀತ ಮತ್ತು ಆರಂಭದ ಸ್ಪ್ಯಾನಿಷ್ ಕಲಿಸುತ್ತಿದ್ದೇನೆ. ಎರಡೂ ಒಂದೇ ಅವಧಿಯಲ್ಲಿ. ಪ್ರತಿ ತರಗತಿಗೆ ವಾರಕ್ಕೆ 40 ನಿಮಿಷ.

ಕಳೆದ ತಿಂಗಳು ಪಿಟಿಎ (ಪೋಷಕರ ಮತ್ತು ಶಿಕ್ಷಕರ ಸಂಘ) ಸಭೆಯಲ್ಲಿ ಒಂದು ಮನವಿ ಓದಿದರು. ಈ ಅವಧಿಯನ್ನು ನಿಲ್ಲಿಸಿ, ಇದಕ್ಕೆ ಹೋಗುವ ಹಣದಲ್ಲಿ ಹೊರಗಿನ ಕಂಪನಿಯೊಂದನ್ನು ಕರೆಸಿ ಕೋಡಿಂಗ್ ಕಲಿಸಬೇಕು ಅಂತ ಅದರಲ್ಲಿತ್ತು. ಸಭೆ ಮುಗಿದ ಮೇಲೆ ಕಾಗದ ಮೇಜಿನ ಮೇಲೇ ಇತ್ತು. ಕೆಳಗಿನ ಸಹಿಗಳನ್ನು ಒಂದೊಂದಾಗಿ ಓದಿದೆ. ಅರ್ಧಕ್ಕೆ ಹತ್ತಿರ ನಮ್ಮವರ ಹೆಸರುಗಳೇ. ಯುಗಾದಿಗೆ ನಮ್ಮ ಮನೆಗೆ ಬಂದು ಹೋಳಿಗೆ ಉಂಡವರೂ ಇದ್ದರು. ಬೇಜಾರಾಯಿತು, ಸುಳ್ಳು ಹೇಳಲ್ಲ.

ಸಭೆಯಲ್ಲಿ ನನಗೆ ಎರಡು ನಿಮಿಷ ಕೊಟ್ಟರು. ಹೇಳಬೇಕಾದ ಎರಡು ಮಾತು ಇಂಗ್ಲಿಷಿನಲ್ಲಿ ಹೇಳಿ ಕೂತೆ. ಉಳಿದದ್ದನ್ನು ನಿಮಗೆ ಕನ್ನಡದಲ್ಲಿ ಹೇಳಬೇಕು ಅನ್ನಿಸಿತು. ಬೆನ್ನ ಹಿಂದೆ ಮಾತಾಡಿದ ಹಾಗೆ ಆಗಬಾರದಲ್ವಾ, ಅದಕ್ಕೆ ಈ ಪತ್ರದ ಸಾರವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಿನ್ಸಿಪಾಲರಿಗೂ ಪಿಟಿಎಗೂ ಕೊಟ್ಟಿದ್ದೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ನನ್ನ ಪಗಾರದ ಪ್ರಶ್ನೆಯೂ ಇದೆ. ನನ್ನದು ಗಂಟೆ ಲೆಕ್ಕದ ಕೆಲಸ. ಅವಧಿ ಹೋದರೆ ಕೆಲಸವೂ ಹೋಗುತ್ತದೆ. ಅದನ್ನು ತಿಳಿದುಕೊಂಡೇ ಓದಿ. (ನಾವು ಧಾರವಾಡದವರು ಸಂಬಳಕ್ಕೆ ಪಗಾರ ಅನ್ನುತ್ತೇವೆ. ಅದು ಪೋರ್ಚುಗೀಸರಿಂದ ಬಂದ ಪದ. ಸ್ಪ್ಯಾನಿಷಿನಲ್ಲೂ 'ಪಗಾರ್' ಅಂದರೆ ಹಣ ಕೊಡುವುದು. ಕಾಲೇಜಿನ ಸಂಜೆ ತರಗತಿಯಲ್ಲಿ ನಾನು ಮೊದಲ ದಿನವೇ ಗುರುತು ಹಿಡಿದ ಪದ ಇದೊಂದೇ.)

ಮನವಿಯಲ್ಲಿ ಮೂರು ದೂರುಗಳಿದ್ದವು. ಮೊದಲನೆಯದು, ಇಷ್ಟು ವರ್ಷ ಕಲಿತರೂ ಮಕ್ಕಳಿಗೆ ಸ್ಪ್ಯಾನಿಷ್ ಮಾತಾಡಲು ಬರುವುದಿಲ್ಲ ಅಂತ.

ನಿಜ. ಬರುವುದಿಲ್ಲ. ಲೆಕ್ಕ ಹಾಕಿ ನೋಡಿ, ನಿಮಗೆ ಲೆಕ್ಕ ಇಷ್ಟ. ಕ್ಯಾಲಿಫೋರ್ನಿಯಾದಲ್ಲಿ ಶಾಲೆ ವರ್ಷಕ್ಕೆ 180 ದಿನ, ಅಂದರೆ 36 ವಾರ. ವಾರಕ್ಕೆ 40 ನಿಮಿಷದಂತೆ ಒಟ್ಟು 24 ಗಂಟೆ. ಅದರಲ್ಲೂ ಅರ್ಧ ಸಂಗೀತ. ಒಂದು ಹಗಲು ಒಂದು ರಾತ್ರಿ ಅಷ್ಟೇ ನನ್ನ ಇಡೀ ವರ್ಷ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಸ್ಪ್ಯಾನಿಷ್ ಕಲಿಸಲು 600 ಗಂಟೆಗೂ ಜಾಸ್ತಿ ತರಗತಿ ಇಡುತ್ತದೆ. ಅವರೆಲ್ಲ ದೊಡ್ಡವರು, ಅದೇ ಕೆಲಸಕ್ಕೆಂದು ಕೂತವರು. ಏಳು ವರ್ಷದ ಮಗು ವರ್ಷಕ್ಕೆ 12 ಗಂಟೆಯ ಸ್ಪ್ಯಾನಿಷಿನಲ್ಲಿ ಗಳಗಳ ಮಾತಾಡಬೇಕು ಅಂದರೆ ಹೇಗೆ? ಇಷ್ಟು ಸಮಯದಲ್ಲಿ ಏನು ಆಗುತ್ತದೋ ಅದನ್ನು ಕೇಳಿ.

ಮೊದಲು ಕಿವಿ ತೆರೆಯುತ್ತದೆ. ಸ್ಪ್ಯಾನಿಷಿನಲ್ಲಿ ಐದೇ ಸ್ವರ, ಆ ಎ ಇ ಒ ಉ. ನಮ್ಮ ಸ್ವರಗಳ ಹಾಗೆ ಬಾಯಿ ತುಂಬ ಹೇಳಬೇಕು. ಇಂಗ್ಲಿಷಿನ ಹಾಗೆ ಅರ್ಧ ನುಂಗುವ ಹಾಗಿಲ್ಲ. ತ ಮತ್ತು ದ ಹೇಳುವಾಗ ನಾಲಿಗೆ ಹಲ್ಲಿಗೆ ತಾಗಬೇಕು, ನಮ್ಮಲ್ಲೂ ಹಾಗೇ. 'ಪೆರೋ' ಅಂದರೆ ಆದರೆ, 'ಪೆರ್ರೋ' ಅಂದರೆ ನಾಯಿ. ಇಂಗ್ಲಿಷ್ ಒಂದೇ ಗೊತ್ತಿರುವ ಮಕ್ಕಳು ಆ ರ್ರ ಉರುಳಿಸಲು ಎರಡು ತಿಂಗಳು ಒದ್ದಾಡುತ್ತಾರೆ. ನಮ್ಮ ಮಕ್ಕಳಿಗೆ ಎರಡನೇ ದಿನ ಬರುತ್ತದೆ. 'ಬರ್ರಿ, ಕೂಡ್ರಿ' ಅನ್ನುವ ಅಜ್ಜ ಅಜ್ಜಿ ಇರುವ ಮನೆಯಾದರೆ ಮೊದಲ ದಿನವೇ.

ಶನಿವಾರದ ತರಗತಿಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ್ದ: ವರ್ಣಮಾಲೆಯಲ್ಲಿ ಞ ಯಾಕೆ ಇದೆ, ಅದನ್ನು ಯಾರೂ ಬಳಸುವುದೇ ಇಲ್ಲವಲ್ಲ? ನನಗೂ ಸರಿಯಾದ ಉತ್ತರ ಹೊಳೆಯಲಿಲ್ಲ. ಆಮೇಲೆ ಶಾಲೆಯಲ್ಲಿ ವಯಸ್ಸು ಹೇಳುವ ಪಾಠ ಬಂತು. 'ತೆಂಗೊ ಸಿಯೆತೆ ಆನ್ಯೋಸ್.' ನನಗೆ ಏಳು ವರ್ಷ. ಆ 'ನ್ಯ' ಬರೆಯಲು ಎನ್ ಅಕ್ಷರದ ಮೇಲೆ ಒಂದು ಅಲೆ ಹಾಕುತ್ತಾರೆ. ಹುಡುಗ ಕೂತಲ್ಲಿಂದ ಎದ್ದು ನಿಂತ. "ಸೆನ್ಯೋರಾ, ಇದು ನಮ್ಮ ಞ!" ಅಂದ. ಇಂಗ್ಲಿಷ್ ಶಾಲೆಯ ತರಗತಿಯ ಮಧ್ಯೆ, ಕನ್ನಡದಲ್ಲಿ, ಜೋರಾಗಿ. (ಆ ಅಲೆ ಬಿಟ್ಟು ಬರೆದರೆ ವರ್ಷ ಹೋಗಿ ಬೇರೆ ಏನೋ ಆಗುತ್ತದೆ. ಏನು ಅಂತ ಇಲ್ಲಿ ಬರೆಯುವ ಹಾಗಿಲ್ಲ.)

ಇಂಗ್ಲಿಷಿನವರಿಗೆ ಸ್ಪ್ಯಾನಿಷಿನಲ್ಲಿ ತೊಡಕಾಗುವ ಇನ್ನೊಂದು ಕಡೆ 'ಮೆ ಗುಸ್ತಾ'. ನನಗೆ ಇಷ್ಟ. ಇಂಗ್ಲಿಷಿನಲ್ಲಿ 'ನಾನು' ಇಷ್ಟಪಡುತ್ತೇನೆ. ಸ್ಪ್ಯಾನಿಷಿನಲ್ಲಿ ಹಾಡು 'ನನಗೆ' ಇಷ್ಟ. ಕನ್ನಡದಲ್ಲಿ ಇರುವುದೂ ಹಾಗೇ. ಇದನ್ನು ಬೋರ್ಡಿನ ಮೇಲೆ ಬರೆದ ದಿನ ಒಂದನೇ ಗ್ರೇಡಿನ ಹುಡುಗಿಯೊಬ್ಬಳು, ಇದು ಅಜ್ಜಿ ಮಾತಾಡುವ ಹಾಗೇ ಇದೆ ಅಂದಳು. ವರ್ಷದ ಮೊದಲಲ್ಲಿ 'ನಿಮ್ಮ ಮನೆಯಲ್ಲಿ ಯಾವ ಭಾಷೆ?' ಅಂತ ಕೇಳಿದಾಗ ಇದೇ ಹುಡುಗಿ ತಲೆ ತಗ್ಗಿಸಿ 'ಇಂಡಿಯನ್' ಅಂದಿದ್ದಳು. ಕನ್ನಡ ಅನ್ನಲು ಸಂಕೋಚ. ಸ್ಪ್ಯಾನಿಷ್ ಬಂದರೆ ಕನ್ನಡ ಕಲಸುಮೇಲೋಗರ ಆಗುತ್ತದೆ ಅಂತ ನಿಮ್ಮಲ್ಲೊಬ್ಬರು ಸಭೆಯಲ್ಲಿ ಹೇಳಿದಿರಿ. ನಾನು ಕಂಡದ್ದು ಇದಕ್ಕೆ ಪೂರಾ ಉಲ್ಟಾ.

'ತೂ' ಮತ್ತು 'ಉಸ್ತೆದ್' ಪಾಠವನ್ನೂ ಹೇಳಲೇಬೇಕು. ನೀನು, ನೀವು. ಯಾರಿಗೆ ಯಾವುದು ಅಂತ ಕೇಳಿದೆ. ನಮ್ಮ ಹುಡುಗನೊಬ್ಬ ಕೂಡಲೇ, ಅಜ್ಜನಿಗೆ ಉಸ್ತೆದ್, ಅಮ್ಮನಿಗೆ ತೂ ಅಂದ. ಪಕ್ಕದಲ್ಲಿದ್ದ ಮೆಕ್ಸಿಕೊ ಮೂಲದ ಹುಡುಗಿ ಒಪ್ಪಲಿಲ್ಲ. ನಮ್ಮಮ್ಮ ಅವರಮ್ಮನಿಗೆ ಉಸ್ತೆದ್ ಅಂತಾರೆ ಅಂದಳು. ಇನ್ನೊಬ್ಬ ಕನ್ನಡದ ಹುಡುಗ, ನಮ್ಮ ಮನೆಯಲ್ಲಿ ಅಪ್ಪನಿಗೆ ನೀವು, ಅಮ್ಮನಿಗೆ ನೀನು, ಅದು ಅನ್ಯಾಯ ಅಂದ. ಹತ್ತು ನಿಮಿಷ ಜಗಳ ನಡೆಯಿತು. ಇಂಗ್ಲಿಷಿನ ಮಕ್ಕಳು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಅವತ್ತಿನ ಹಾಡು ಹಾಡಲು ಸಮಯವೇ ಉಳಿಯಲಿಲ್ಲ. ನನಗೆ ಅದರ ಬೇಸರ ಇಲ್ಲ.

ಮನವಿಯ ಎರಡನೇ ದೂರು ಸಂಗೀತದ ಬಗ್ಗೆ. 'ನಮ್ಮ ಮಕ್ಕಳಿಗೆ ಹೊರಗೆ ಸಂಗೀತ ಕಲಿಸುತ್ತೇವೆ, ಶಾಲೆಯಲ್ಲಿ ಬೇಕಾಗಿಲ್ಲ.'

ಮೂರನೇ ಗ್ರೇಡಿನ ಮಕ್ಕಳು ಮನೆಗೆ ತಂದು ಊದುವ ರೆಕಾರ್ಡರ್ ಕೊಳಲಿನ ಸದ್ದಿಗೆ ಬೇಸತ್ತು ಸಹಿ ಹಾಕಿದ್ದರೆ ಖಂಡಿತ ಕ್ಷಮಿಸುತ್ತಿದ್ದೆ. ಅದರ ಕೀರಲು ದನಿ ನನಗೂ ತಲೆನೋವು ತರುತ್ತದೆ. ಆದರೆ ಈ ವಾದ ನನಗೆ ಚುಚ್ಚಿತು. ಹೌದು, ನಿಮ್ಮ ಮಕ್ಕಳು ಕರ್ನಾಟಕ ಸಂಗೀತಕ್ಕೆ ಹೋಗುತ್ತಾರೆ, ಪಿಯಾನೋಗೆ ಹೋಗುತ್ತಾರೆ. ಅದೇ ಬೆಂಚಿನಲ್ಲಿ ಕೂರುವ ಮಗುವಿನ ಅಪ್ಪ ರಾತ್ರಿ ಪಾಳಿಯಲ್ಲಿ ಆಫೀಸುಗಳನ್ನು ಗುಡಿಸುತ್ತಾರೆ. ಅವನಿಗೆ ಹೊರಗೆ ಯಾವ ತರಗತಿಯೂ ಇಲ್ಲ. ವಾರಕ್ಕೆ 40 ನಿಮಿಷ, ಅಷ್ಟೇ ಅವನ ಪಾಲಿನ ಸಂಗೀತ. ಇದು ಸಾರ್ವಜನಿಕ ಶಾಲೆ. ನಮ್ಮ ಮಗುವಿಗೆ ಬೇಡವಾದದ್ದನ್ನು ಪಕ್ಕದ ಮಗುವಿನ ತಟ್ಟೆಯಿಂದಲೂ ತೆಗೆದುಬಿಡುವುದು ಸರಿಯಾ?

ನಿಮ್ಮ ಮಕ್ಕಳಿಗೂ ಹೊರಗೆ ಸಿಗದ ಒಂದು ಸಂಗತಿ ಇಲ್ಲಿ ಸಿಗುತ್ತದೆ. ಹೊರಗೆ ಅವರು ಒಬ್ಬೊಬ್ಬರೇ ಕಲಿಯುತ್ತಾರೆ, ಎಷ್ಟೋ ಸಲ ಪರದೆಯ ಮುಂದೆ. ಹತ್ತು ಜನ ಸೇರಿ ಒಂದೇ ಲಯದಲ್ಲಿ ನಡೆಯುವುದು ಬೇರೆ ವಿದ್ಯೆ. ನಮಗೆ ಸಂಗೀತದ ಕೋಣೆ ಇಲ್ಲ. ಒಂದು ತಳ್ಳುಗಾಡಿಯಲ್ಲಿ ಆರು ಪುಟ್ಟ ಸೈಲೋಫೋನ್, ಮರಾಕ (ಅಲ್ಲಾಡಿಸುವ ಗಿಲಕಿ), ಗ್ವೀರೊ, ಕ್ಲಾವೆ ಕಡ್ಡಿಗಳನ್ನು ಹೇರಿಕೊಂಡು ಕೋಣೆಯಿಂದ ಕೋಣೆಗೆ ತಳ್ಳುತ್ತೇನೆ. ಗ್ವೀರೊ ಅಂದರೆ ಗೀರು ಕೆತ್ತಿದ ಸೋರೆಬುರುಡೆ, ಕಡ್ಡಿಯಿಂದ ಉಜ್ಜಬೇಕು. ತಂಬೂರಿಯ ಬುರುಡೆಯ ದೂರದ ತಮ್ಮ ಅಂದುಕೊಳ್ಳಿ. ಸೈಲೋಫೋನ್ ಜರ್ಮನಿಯ ಕಾರ್ಲ್ ಓರ್ಫ್ ಅವರ ಪದ್ಧತಿಯದು. ಅದರ ಮರದ ಪಟ್ಟಿಗಳನ್ನು ಕಳಚಬಹುದು. ಸಣ್ಣ ಮಕ್ಕಳಿಗೆ ಕೊಡುವಾಗ ಫಾ ಮತ್ತು ಸಿ ಪಟ್ಟಿ ತೆಗೆದುಬಿಡುತ್ತೇವೆ. ಆಗ ಎಲ್ಲಿ ಬಡಿದರೂ ಅಪಸ್ವರ ಬರುವುದಿಲ್ಲ. ಉಳಿಯುವುದು ಏನು ಹೇಳಿ? ಡೊ ರೆ ಮಿ ಸೋಲ್ ಲಾ. ಸ ರಿ ಗ ಪ ದ. ಧಾರವಾಡದಲ್ಲಿ ನಾನು ಮೊದಲು ಕಲಿತ ಭೂಪ ರಾಗ, ನಿಮ್ಮ ಮಕ್ಕಳ ಮೋಹನ ರಾಗ. ಕರ್ನಾಟಕ ಸಂಗೀತ ಕಲಿಯುವ ಹುಡುಗಿಯೊಬ್ಬಳು ಅದನ್ನು ತಾನೇ ಕಂಡುಹಿಡಿದಳು, ನಾನು ಹೇಳಿಕೊಡಲಿಲ್ಲ.

ಕ್ಯೂಬಾದ ಕ್ಲಾವೆ ತಾಳ ಒಂದಿದೆ. ಒಂದು ಕಡೆ ಮೂರು ಏಟು, ಇನ್ನೊಂದು ಕಡೆ ಎರಡು. ಕೇಳಿದರೆ ಕುಂಟಿದ ಹಾಗೆ ಇರುತ್ತದೆ. ಉಳಿದವರು ಕಡ್ಡಿ ಬಡಿಯುವಾಗ ಅದೇ ಹುಡುಗಿ ತೊಡೆಯ ಮೇಲೆ ಆದಿತಾಳ ಹಾಕುತ್ತ ಕೂತಳು. ಎಂಟು ಅಕ್ಷರದೊಳಗೆ ಕ್ಲಾವೆ ಅಚ್ಚುಕಟ್ಟಾಗಿ ಕೂರುತ್ತದೆ. ಅವಳು ಬೆರಳು ಎಣಿಸುವುದನ್ನು ನೋಡಿ, ಅಪ್ಪ ರಾತ್ರಿ ಪಾಳಿ ಮಾಡುವ ಆ ಹುಡುಗ ತಪ್ಪದೆ ಬಡಿದ. ಮರುವಾರ ಅವನು ಅವಳಿಗೆ ಬೆರಳೆಣಿಕೆ ಹೇಳಿಕೊಡು ಅಂತ ದುಂಬಾಲು ಬಿದ್ದ.

ಸಂಗೀತ, ಸ್ಪ್ಯಾನಿಷ್ ಎರಡನ್ನೂ ಯಾಕೆ ಒಂದೇ ಅವಧಿಯಲ್ಲಿ ತುರುಕಿದ್ದೀರಿ ಅಂತಲೂ ಕೇಳಿದ್ದೀರಿ. ಸಮಯ ಇಲ್ಲ, ಅದು ಒಂದು ಕಾರಣ. ಇನ್ನೊಂದು, ಎರಡೂ ಒಂದಕ್ಕೊಂದು ಆಸರೆ. ಇಲ್ಲಿನ ಶಾಲೆಗಳಲ್ಲಿ ಸ್ವರಗಳಿಗೆ ಸಿ, ಡಿ, ಇ ಅಂತ ಇಂಗ್ಲಿಷ್ ಅಕ್ಷರದ ಹೆಸರು. ಸ್ಪ್ಯಾನಿಷ್ ನಾಡುಗಳಲ್ಲಿ ಡೊ ರೆ ಮಿ ಅಂತಲೇ ಸ್ವರದ ಹೆಸರು. ಅದನ್ನು ಹಾಡಿದರೆ ಸ್ವರವೂ ಬಂತು, ಉಚ್ಚಾರವೂ ತಿದ್ದಿತು. ಪದವನ್ನು ಹತ್ತು ಸಲ ಹೇಳು ಅಂದರೆ ಮಗು ಆಕಳಿಸುತ್ತದೆ. ಹಾಡಿನಲ್ಲಿ ಅದೇ ಪದ ಹತ್ತು ಸಲ ಬಂದರೆ ಹನ್ನೊಂದನೇ ಸಲ ಹಾಡೋಣ ಅನ್ನುತ್ತದೆ.

ಮೂರನೆಯ ದೂರು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿತು. 'ಸ್ಪ್ಯಾನಿಷ್ ನಮ್ಮ ಮಕ್ಕಳಿಗೆ ಸಂಬಂಧವಿಲ್ಲದ ಭಾಷೆ.'

ಎಲ್ಲಿ ಕೂತು ಇದನ್ನು ಬರೆದಿರಿ? ನಾವು ದೋಸೆ ತಿನ್ನಲು ಹೋಗುವ ರಸ್ತೆ ಎಲ್ ಕಮಿನೊ ರಿಯಾಲ್. ಅಂದರೆ ರಾಜರಸ್ತೆ. ಸುತ್ತಲಿನ ಊರುಗಳ ಹೆಸರು ನೋಡಿ. ಪಾಲೊ ಆಲ್ಟೊ ಅಂದರೆ ಎತ್ತರದ ಮರ, ಆ ಮರ ಈಗಲೂ ನಿಂತಿದೆ. ಮಿಲ್ಪಿಟಾಸ್ ಪುಟ್ಟ ಜೋಳದ ಹೊಲಗಳು. ಲಾಸ್ ಗಾಟೋಸ್ ಬೆಕ್ಕುಗಳು. ಸಾನ್ ಹೊಸೆ 1777ರಲ್ಲಿ ಸ್ಪೇನಿನವರು ಕಟ್ಟಿದ ಊರು. 1848ರವರೆಗೆ ಈ ನೆಲ ಮೆಕ್ಸಿಕೊದ್ದು. ಮರುವರ್ಷ ಬರೆದ ಕ್ಯಾಲಿಫೋರ್ನಿಯಾದ ಮೊದಲ ಸಂವಿಧಾನ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಅಚ್ಚಾಯಿತು. ಇವತ್ತು ರಾಜ್ಯದ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಮನೆಯಲ್ಲಿ ಆಡುವುದು ಸ್ಪ್ಯಾನಿಷ್. 1998ರಲ್ಲಿ ಇಲ್ಲಿನ ಮತದಾರರು ಶಾಲೆಗಳಲ್ಲಿ ಹೆಚ್ಚುಕಡಿಮೆ ಇಂಗ್ಲಿಷ್ ಒಂದೇ ಇರಲಿ ಅಂದಿದ್ದರು. 2016ರಲ್ಲಿ ಅವರೇ ಭಾರಿ ಬಹುಮತದಿಂದ ಅದನ್ನು ಸಡಿಲಿಸಿದರು.

ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇದ್ದು 'ಕನ್ನಡ ಗೊತ್ತಿಲ್ಲ' ಅನ್ನುವವರನ್ನು ನಾವು ಎಷ್ಟು ಬೈಯುತ್ತೇವೆ! ವಾಟ್ಸಾಪ್ ಗುಂಪಿನಲ್ಲಿ ದಿನಾ ಅದೇ ಮಾತು. ನಾನೂ ಬೈದಿದ್ದೇನೆ. ಇಲ್ಲಿ ಇಪ್ಪತ್ತು ವರ್ಷದಿಂದ ಇರುವ ನಮ್ಮಲ್ಲಿ ಎಷ್ಟು ಜನರಿಗೆ ಲಾಸ್ ಗಾಟೋಸ್ ಅಂದರೆ ಬೆಕ್ಕು ಅಂತ ಗೊತ್ತು? ಹೋಲಿಕೆ ಪೂರಾ ಸರಿಯಲ್ಲ, ಒಪ್ಪುತ್ತೇನೆ. ಇಲ್ಲಿ ಎಲ್ಲರ ನಡುವಿನ ಭಾಷೆ ಇಂಗ್ಲಿಷೇ. ಆದರೂ ನಮ್ಮ ಅಂಗಳದ ಹುಲ್ಲು ಕತ್ತರಿಸುವವರ ಹೆಸರನ್ನು ಸರಿಯಾಗಿ ಕರೆಯಲು ಬಾರದೆ ಕೈಸನ್ನೆ ಮಾಡುವವರು ನಾವು. ನಮ್ಮ ಮಕ್ಕಳಿಗಾದರೂ ಅದು ಬರಲಿ.

ನಾನೇನು ಹುಟ್ಟಿನಿಂದ ಸ್ಪ್ಯಾನಿಷ್ ಬಲ್ಲವಳಲ್ಲ. 34ನೇ ವಯಸ್ಸಿನಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರಿ ಕಲಿತೆ. ತರಗತಿಯಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ನನ್ನನ್ನು ತಿದ್ದುತ್ತಾರೆ. ಹಾಲು ಹೀರುವ ಸ್ಟ್ರಾಗೆ ನಾನು ಪುಸ್ತಕದಲ್ಲಿದ್ದ 'ಪಾಹಿತಾ' ಹೇಳಿಕೊಟ್ಟೆ. 'ಸೆನ್ಯೋರಾ, ಅದು ಪೊಪೊತೆ' ಅಂತ ನಾಲ್ಕು ದನಿ ಒಟ್ಟಿಗೆ ಬಂತು. ಅದು ಸ್ಪೇನಿನ ಪದ, ಇದು ಮೆಕ್ಸಿಕೊದ ಪದ. ಧಾರವಾಡದ ಮಗುವಿಗೆ ಮೈಸೂರಿನ ಪುಸ್ತಕ ಕೊಟ್ಟ ಹಾಗೆ ಆಯಿತು. ಬೇರೆ ಅವಧಿಗಳಲ್ಲಿ ಈ ಮಕ್ಕಳು ಇಂಗ್ಲಿಷ್ ಸಾಲದೆ ಹಿಂದಿನ ಸಾಲಿನಲ್ಲಿ ಸುಮ್ನೆ ಕೂರುವವರು. ಇಲ್ಲಿ ಅವರೇ ಮೇಷ್ಟ್ರು.

ಕಾಲೇಜಿನ ಮಾತನ್ನೂ ಹೇಳಿಬಿಡುತ್ತೇನೆ. ಇಂಥ ವಾದ ನನಗೆ ಹಿಡಿಸುವುದಿಲ್ಲ, ಆದರೆ ನಿಮಗೆ ನಾಟುವುದು ಇದೇ ಇರಬಹುದು. ನೀವೆಲ್ಲ ಕನಸು ಕಾಣುವ ಬರ್ಕ್ಲಿ ಇರುವುದು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಗೆ ಅರ್ಜಿ ಹಾಕಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಲ್ಲದ ಒಂದು ಭಾಷೆ ಕನಿಷ್ಠ ಎರಡು ವರ್ಷ ಓದಿರಬೇಕು, ಕಲೆ ಅಥವಾ ಸಂಗೀತದಂಥ ವಿಷಯ ಒಂದು ವರ್ಷ. ಕೋಡಿಂಗ್ ಆ ಪಟ್ಟಿಯಲ್ಲಿ ತನ್ನದೇ ಸಾಲಾಗಿ ಇಲ್ಲ. ಕೋಡಿಂಗ್ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಮನೆಯವರು ಉಣ್ಣುವ ಅನ್ನ ಅದರದೇ. ಏಳು ವರ್ಷದ ಮಗುವಿಗೆ ಅದು ಅಪ್ಪ ಅಮ್ಮನ ಲ್ಯಾಪ್‌ಟಾಪಿನಲ್ಲೂ ಸಿಗುತ್ತದೆ ಅಂತಷ್ಟೇ ನನ್ನ ಮಾತು.

ಈಗ ಹಣದ ವಿಚಾರ. ಮನವಿಯಲ್ಲಿ ಇದರ ಬಗ್ಗೆ ತಪ್ಪು ತಿಳಿವಳಿಕೆ ಇದೆ.

1978ರಲ್ಲಿ ಈ ರಾಜ್ಯದ ಮತದಾರರು ಆಸ್ತಿ ತೆರಿಗೆಗೆ ಕಡಿವಾಣ ಹಾಕಿದರು. ಶಾಲೆಗಳ ಕೈ ಬಿಗಿಯಾದಾಗ ಮೊದಲು ಕತ್ತರಿ ಬಿದ್ದದ್ದು ಸಂಗೀತ, ಚಿತ್ರಕಲೆಗೆ. ನಮ್ಮಲ್ಲಿ ಪಿಟಿಎ ಕೈಯಿಂದ ಹಣ ಹಾಕುತ್ತಿರುವುದು ಅದಕ್ಕೇ. ಆದರೆ 2022ರ ನವೆಂಬರಿನಲ್ಲಿ ಮತದಾರರ ಮುಂದಿಟ್ಟ ಪ್ರೊಪೊಸಿಷನ್ 28 ಅನ್ನುವ ಪ್ರಸ್ತಾವ ಗೆದ್ದಿತು. ಅದರಂತೆ ರಾಜ್ಯ ಸರ್ಕಾರ ಕಲೆ ಮತ್ತು ಸಂಗೀತಕ್ಕೆಂದೇ ಪ್ರತಿ ವರ್ಷ ಬೇರೆ ಹಣ ಎತ್ತಿಡಬೇಕು. ಮೊದಲ ವರ್ಷ, ಅಂದರೆ 2023-24ರಲ್ಲಿ, ರಾಜ್ಯಕ್ಕೆಲ್ಲ ಸೇರಿ 90 ಕೋಟಿ ಡಾಲರಿಗೂ ಜಾಸ್ತಿ. 500 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಾಲಾ ಡಿಸ್ಟ್ರಿಕ್ಟ್ ಆ ಹಣದಲ್ಲಿ ಕನಿಷ್ಠ 80 ಶೇಕಡಾವನ್ನು ಕಲಿಸುವವರ ಪಗಾರಕ್ಕೇ ಬಳಸಬೇಕು. ಮೊದಲಿಂದ ಮಾಡುತ್ತಿದ್ದ ಖರ್ಚನ್ನು ಇದರಲ್ಲಿ ತೀರಿಸಿಕೊಂಡು ಕೈತೊಳೆದುಕೊಳ್ಳುವ ಹಾಗಿಲ್ಲ, ಹೊಸದಾಗಿ ಏನಾದರೂ ಸೇರಬೇಕು. ಪ್ರತಿ ಶಾಲೆಯ ಪಾಲು ಎಷ್ಟು, ಅದನ್ನು ಹೇಗೆ ಬಳಸಬೇಕು ಅನ್ನುವ ಯೋಜನೆ ಪ್ರಿನ್ಸಿಪಾಲರ ಕೈಯಲ್ಲಿರುತ್ತದೆ. ಅದನ್ನು ಕೇಳಿ ನೋಡುವ ಹಕ್ಕು ನಮಗಿದೆ. ಸಭೆಯಲ್ಲಿ ಯಾರೂ ಕೇಳಲಿಲ್ಲ. ಈ ಹಣ ಸ್ಪ್ಯಾನಿಷಿಗೆ ಸಿಗುವುದಿಲ್ಲ, ಸಂಗೀತಕ್ಕೆ ಮಾತ್ರ. ಒಂದರಿಂದ ಆರನೇ ಗ್ರೇಡಿನವರೆಗೆ ಕಲೆಯ ಪಾಠ ಇರಲೇಬೇಕು ಅಂತ ರಾಜ್ಯದ ಶಿಕ್ಷಣ ಕಾಯ್ದೆಯೇ ಹೇಳುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಇನ್ನೊಂದು ಭಾಷೆಗೆ ಅಂಥ ಆಸರೆ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಆ ಯೋಜನೆಯನ್ನು ಮೇ ತಿಂಗಳ ಪಿಟಿಎ ಸಭೆಗೆ ಮುಂಚೆ ಎಲ್ಲ ಪೋಷಕರ ಮುಂದೆ ಇಡಿ ಅಂತ ನೀವೂ ಪ್ರಿನ್ಸಿಪಾಲರನ್ನು ಕೇಳಿ. ಸಂಗೀತಕ್ಕೆ ರಾಜ್ಯದ ಹಣದಲ್ಲಿ ಪೂರ್ತಿ ಅರ್ಹತೆಯ ಸಂಗೀತ ಶಿಕ್ಷಕರನ್ನು ನೇಮಿಸಲಿ. ಆ ಜಾಗ ನನಗೆ ಸಿಗಲಿಕ್ಕಿಲ್ಲ, ನನ್ನ ಬಳಿ ಅದಕ್ಕೆ ಬೇಕಾದ ಕ್ರೆಡೆನ್ಷಿಯಲ್, ಅಂದರೆ ಶಿಕ್ಷಕರ ಪರವಾನಗಿ, ಇಲ್ಲ. ಪರವಾಗಿಲ್ಲ. ಆಗ ಪಿಟಿಎ ಹಣದಲ್ಲಿ ಸ್ಪ್ಯಾನಿಷಿಗೆ 40 ನಿಮಿಷ ಪೂರ್ತಿ ಸಿಗುತ್ತದೆ, ಮಿಕ್ಕಿದ್ದರಲ್ಲಿ ಶಾಲೆ ಬಿಟ್ಟ ಮೇಲೆ ಕೋಡಿಂಗ್ ಇಡಬಹುದು. ಮನವಿಗೆ ಸಹಿ ಹಾಕಿದವರಲ್ಲಿ ಯಾರಿಗಾದರೂ ಈಗ ಬೇರೆ ಅನ್ನಿಸಿದರೆ ಪಿಟಿಎಗೆ ಒಂದು ಸಾಲು ಬರೆದು ಹೆಸರು ತೆಗೆಸಿ. ಅನ್ನಿಸದಿದ್ದರೂ ಮೇ ಸಭೆಗೆ ಬಂದು ಎದುರಿಗೇ ಹೇಳಿ. ಸದಸ್ಯರಾದವರಿಗೆಲ್ಲ ಮತ ಇದೆ. ಕಾಗದದ ಮೇಲೆ ಸಹಿ ಹಾಕಿ ಸಭೆಗೆ ಬಾರದೆ ಇದ್ದವರು ಸುಮಾರು ಜನ ಇದ್ದೀರಿ.

ಅದಕ್ಕಿಂತ ಮುಂಚೆ ಒಂದು ದಿನ ತರಗತಿಗೆ ಬನ್ನಿ. ಮಂಗಳವಾರ ಬೆಳಿಗ್ಗೆ ಎರಡನೇ ಗ್ರೇಡ್. ಒಂದು ದಿನ ಮುಂಚೆ ತರಗತಿಯ ಟೀಚರಿಗೆ ತಿಳಿಸಿ, ಆಫೀಸಿನಲ್ಲಿ ಹೆಸರು ಬರೆಸಿ, ಅವರು ಕೊಡುವ ಸ್ಟಿಕ್ಕರ್ ಅಂಗಿಗೆ ಅಂಟಿಸಿಕೊಂಡು ಬಂದರೆ ಸಾಕು. ಸುಮ್ನೆ ಹಿಂದೆ ನಿಲ್ಲಲು ಮಕ್ಕಳು ಬಿಡುವುದಿಲ್ಲ. ತಳ್ಳುಗಾಡಿಯಲ್ಲಿ ಒಂದು ಗ್ವೀರೊ ಜಾಸ್ತಿ ಇದೆ, ನಿಮ್ಮ ಕೈಗೆ ಕೊಡುತ್ತೇನೆ.

ಇಂತಿ,
ನಿಮ್ಮ ಮಕ್ಕಳ ಶನಿವಾರದ ಆಂಟಿ, ಶಾಲೆಯ ಸೆನ್ಯೋರಾ